ಚಿಕ್ಕಪ್ಪನ ಗೇಮ್ ಪೆಟ್ಟಿಗೆಗೆ ಕುಂಕುಮ, ವಿಭೂತಿ

ಚೆನ್ನಾಗಿ ಓಡುತ್ತಿರುವ ಯಾವುದರ ಮೇಲೂ ನಮ್ಮ ಚಿಕ್ಕಪ್ಪನಿಗೆ ಗೌರವವಿಲ್ಲ. ನನಗೆ ಕೆಲಸ ಸಿಕ್ಕಿತೆಂದು ಸಿಹಿ ಹಿಡಿದು ಕೊಳ್ಳೇಗಾಲಕ್ಕೆ ಹೋದಾಗ ‘ಸರಿ’ ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಕಾಲು ಮುರಿದುಕೊಂಡು ಹೋದಾಗ ಕುರ್ಚಿ ಹಾಕಿ ಕೂರಿಸಿ ಎರಡು ಗಂಟೆ ವಿಚಾರಿಸಿದರು! ಅದೂ ನನ್ನ ನೋವನ್ನಲ್ಲ. ಒಳಗೆ ಹಾಕಿದ ರಾಡಿಗೆ ಎಷ್ಟು ಸ್ಕ್ರೂ ಎಂದು.

ಅವರು ಟೀವಿ ಮೆಕ್ಯಾನಿಕ್. ಒಂದು ಕಾಲದಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ವಿಡಿಯೋ ಗೇಮ್ ಅಂಗಡಿಯನ್ನೂ ಇಟ್ಟಿದ್ದರು. ಅಂಗಡಿ ಮುಚ್ಚಿದ ಮೇಲೆ ಬೀರುವಿನೆತ್ತರದ ಒಂದು ಗೇಮ್ ಪೆಟ್ಟಿಗೆ ಅಜ್ಜೀಪುರದ ನೆಂಟರ ಕೊಟ್ಟಿಗೆ ಸೇರಿತ್ತು. ಇಷ್ಟು ವರ್ಷ ಅದರೊಳಗೆ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಮೊನ್ನೆ ಇದ್ದಕ್ಕಿದ್ದಂತೆ ಚಿಕ್ಕಪ್ಪ ಹೋಗಿ, ಕೋಳಿಗಳನ್ನು ಇಳಿಸಿ, ಪೆಟ್ಟಿಗೆಗೆ ಹಳದಿ ಬಟ್ಟೆ ಸುತ್ತಿ, ಗೂಡ್ಸ್ ಆಟೋದಲ್ಲಿ ನಿಲ್ಲಿಸಿಕೊಂಡು ಹೊರಟರು. ಹನೂರಿನಲ್ಲಿ ಆಟೋ ನಿಂತಾಗ ಒಬ್ಬಾಕೆ ಕೈಮುಗಿದು ಕೇಳಿದರಂತೆ: ‘ಯಾವೂರ್ ದೇವ್ರು ಸಾ?’

‘ಕೊಳ್ಳೇಗಾಲದ್ದು ಕಣವ್ವ. ಕಣ್ಣು ಮಂಜಾಗದ, ರಿಪೇರಿಗೆ ತಕಂಡೋಯ್ತಾ ಇವ್ನಿ.’

ಮನೆಯಲ್ಲಿ ಚಿಕ್ಕಮ್ಮ ಕೈಮುಗಿಯಲಿಲ್ಲ. ಸ್ವಿಚ್ ಹಾಕಿದರೆ ಪರದೆಯಲ್ಲಿ ಚಿತ್ರವೇನೋ ಬಂತು. ಆದರೆ ಎರಡೂ ಪಕ್ಕ ಸೊರಗಿ, ತಂತಿಯ ಮೇಲಿನ ಒದ್ದೆ ಸೀರೆಯಂತೆ ಓಲಾಡುತ್ತಿತ್ತು. ಅದೂ ಅಲ್ಲದೆ, ಸೋಮವಾರ ಮಧುವನಹಳ್ಳಿಯ ಹೊಲದಿಂದ ರಾಗಿ ಮೂಟೆಗಳು ಬಂದು ಕೂರಬೇಕಾದ ಮೂಲೆಯನ್ನೇ ಪೆಟ್ಟಿಗೆ ಹಿಡಿದಿತ್ತು.

‘ಭಾನ್ವಾರದೊಳ್ಗ ಬೊಂಬೆ ನೆಟ್ಟಗೆ ಕಾಣ್ಬೇಕು. ಇಲ್ದಿದ್ರ ಗುಜರಿಗೆ ಆಕ್ಬುಡ್ತೀನಿ,’ ಎಂದರು ಚಿಕ್ಕಮ್ಮ.

‘ಆಯ್ತು,’ ಎಂದರು ಚಿಕ್ಕಪ್ಪ. ಮದುವೆಯಾದ ಮೇಲೆ ಅವರು ಇಷ್ಟು ಬೇಗ ಒಪ್ಪಿಕೊಂಡದ್ದು ಅದೇ ಮೊದಲಂತೆ.

ಕೆಟ್ಟಿದ್ದು ಕಂಡೆನ್ಸರುಗಳು. ಕರೆಂಟನ್ನು ಹಿಡಿದಿಟ್ಟುಕೊಂಡು ಹದವಾಗಿ ಬಿಡುವ, ಬೆರಳ ತುದಿಯಷ್ಟಿರುವ ಡಬ್ಬಿಗಳು. ವಯಸ್ಸಾದರೆ ಒಳಗೇ ಒಣಗುತ್ತವೆ. ಹೊಸದು ಕೊಳ್ಳೇಗಾಲದಲ್ಲಿ ಸಿಗದೆ, ಚಿಕ್ಕಪ್ಪ ಯಳಂದೂರಿನ ಹಳೇ ರೇಡಿಯೋ ಅಂಗಡಿಗೆ ಹೋದರು. ಅಂಗಡಿಯವರು ಬಿಸ್ಕತ್ತಿನ ಡಬ್ಬ ಕೆಳಗಿಳಿಸಿ, ‘ಇದ್ನ ಕೇಳ್ಕಂಡು ಬಂದೋರಲ್ಲಿ ನೀವೇ ಕಡೇರು ಸಾ. ಡಬ್ಬಾನೂ ತಕಂಡೋಗಿ,’ ಎಂದರಂತೆ.

ಅಷ್ಟು ಹೊತ್ತಿಗೆ ಸುದ್ದಿ ಕೇಳಿ ನಾನೂ ಕೊಳ್ಳೇಗಾಲಕ್ಕೆ ಬಂದಿದ್ದೆ. ಇನ್ನು ಕೆಲಸ ಮಾಡುವ ಶೈಲಿ ನೋಡಬೇಕು! ಸ್ವಿಚ್ ಆರಿಸಿದರೂ ಪಿಚ್ಚರ್ ಟ್ಯೂಬಿನಲ್ಲಿ ಕರೆಂಟು ಅಡಗಿ ಕೂತಿರುತ್ತದೆ. ಎರಡೂ ಕೈ ಇಟ್ಟರೆ ಎದೆಗೇ ಹೊಡೆಯುತ್ತದೆಂದು ಮೆಕ್ಯಾನಿಕ್‌ಗಳು ಒಂದು ಕೈಯನ್ನು ಜೇಬಿನಲ್ಲಿಟ್ಟುಕೊಳ್ಳುತ್ತಾರೆ. ಚಿಕ್ಕಪ್ಪ ಉಡುವುದು ಪಂಚೆ. ಜೇಬು ಎಲ್ಲಿಂದ ಬರಬೇಕು? ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಬಾಗಿ ನಿಂತರು.

‘ನಮ್ಮಪ್ಪನ ಮುಂದ ಒಂದಿನನಾದ್ರೂ ಇಂಗ ನಿಂತಿದ್ರಾ ನೀವು?’ ಎಂದರು ಚಿಕ್ಕಮ್ಮ.

ಕಂಡೆನ್ಸರಿಗೆ ಪ್ಲಸ್, ಮೈನಸ್ ಎಂದು ಎರಡು ಕಾಲು. ತಿರುಗಿಸಿ ಹಾಕಿದರೆ ಸಿಡಿಯುತ್ತದೆ. ಆ ಕಾಲುಗಳನ್ನು ತೂತಿಗೆ ಕೂರಿಸುವ ಬೋರ್ಡಿನ ಮೇಲಿನ ಗುರುತುಗಳನ್ನೆಲ್ಲ ಕೋಳಿಗಳು ಕೆರೆದು ಅಳಿಸಿದ್ದವು. ಆದ್ದರಿಂದ ಚಿಕ್ಕಪ್ಪ ಹಳೆಯದನ್ನು ಒಂದೊಂದಾಗಿ ಕಿತ್ತು, ಪ್ಲಸ್ ತೂತಿನ ಪಕ್ಕ ಕುಂಕುಮ, ಮೈನಸ್ ತೂತಿನ ಪಕ್ಕ ವಿಭೂತಿ ಇಟ್ಟು ಮಲಗಿದರು. ಬೆಳಗಾದರೆ ಶುಕ್ರವಾರ. ಸ್ನಾನ ಮಾಡಿ ಬಂದ ಚಿಕ್ಕಮ್ಮ ನೋಡುತ್ತಾರೆ, ಯಾರೋ ಪೂಜೆಯನ್ನು ಅರ್ಧಂಬರ್ಧ ಮಾಡಿದ್ದಾರೆ! ಒದ್ದೆ ಬಟ್ಟೆಯಲ್ಲಿ ಎಲ್ಲವನ್ನೂ ಒರೆಸಿ, ಬೋರ್ಡಿಗೆ ಅಡ್ಡಡ್ಡ ಮೂರು ಬೆರಳು ವಿಭೂತಿ ಎಳೆದು, ನಡುವೆ ಒಂದೇ ಒಂದು ಕುಂಕುಮದ ಬೊಟ್ಟಿಟ್ಟು, ಹೂವನ್ನೂ ಮುಡಿಸಿದರು.

ಚಿಕ್ಕಪ್ಪ ಬೈಯಲಿಲ್ಲ. ಹೂವು ತೆಗೆದು, ಬೋರ್ಡು ಒಣಗಿಸಿ, ನೆನಪನ್ನೇ ನಂಬಿ ಬೆಸುಗೆ ಹಾಕಿದರು. ಸಂಜೆ ಸ್ವಿಚ್ ಒತ್ತಿದ್ದೇ ತಡ, ಢಬ್! ಒಂದು ಕಂಡೆನ್ಸರಿನ ಹೊಟ್ಟೆಯೊಳಗಿದ್ದ ಕಾಗದವೆಲ್ಲ ಚೂರಾಗಿ ಚಿಕ್ಕಮ್ಮ ಆರಹಾಕಿದ್ದ ಹಪ್ಪಳದ ಮೇಲೆ ಬಿತ್ತು. ನಾನಂತೂ ಗುಜರಿಯವನ ನಂಬರ್ ಹುಡುಕತೊಡಗಿದೆ.

ಶನಿವಾರವಿಡೀ ಬೋರ್ಡನ್ನು ಮಗುಚಿಟ್ಟು, ಹಿಂಬದಿಯ ಗೆರೆಗಳನ್ನು ಹಿಡಿದು ಒಂದೊಂದೇ ಕಾಲನ್ನು ಪತ್ತೆ ಹಚ್ಚಿದರು. ಅವರ ಕಣ್ಣಿಗೆ ಕಾಣದ ಗೆರೆಯನ್ನು ಚಿಕ್ಕಮ್ಮ ಟಾರ್ಚ್ ಹಿಡಿದು, ಹೇನು ನೋಡುವ ಶ್ರದ್ಧೆಯಿಂದ ಹುಡುಕಿ ಹೇಳಿದರು. ತಪ್ಪು ತಮ್ಮದೆಂದು ಬಾಯಿಬಿಟ್ಟು ಮಾತ್ರ ಹೇಳಲಿಲ್ಲ.

ಭಾನುವಾರ ಮಧ್ಯಾಹ್ನ ಚಿತ್ರ ನೆಟ್ಟಗೆ ನಿಂತಿತು. ಇನ್ನು ಹಗಲು ರಾತ್ರಿ ಚಿಕ್ಕಪ್ಪನದೇ ಆಟ ಎಂದುಕೊಂಡೆ. ಅವರು ಪಕ್ಕಕ್ಕೆ ಸರಿದು, ‘ಬಾ, ನೀನಾಡು,’ ಎಂದರು, ಚಿಕ್ಕಮ್ಮನಿಗೆ.

‘ನಂಗೇನ್ ಬತ್ತದ?’ ಎನ್ನುತ್ತಲೇ ಚಿಕ್ಕಮ್ಮ ಆಟದ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

‘ದಿನಾ ಅಂಗ್ಡಿಗೆ ಬುತ್ತಿ ತತ್ತಿದ್ದೆ ನೀನು,’ ಎಂದರು ಚಿಕ್ಕಪ್ಪ ಪರದೆಯನ್ನೇ ನೋಡುತ್ತ. ‘ಗಂಡ್ ಐಕ್ಳು ತುಂಬ್ಕಂಡವ ಅಂತ ನಾನು ಬಾಗ್ಲಲ್ಲೇ ಈಸ್ಕಂಡು ಕಳ್ಸ್‌ಬುಡೋನು. ನೀನು ಈ ಪೆಟ್ಗೇನೇ ಇಣುಕಿ ಇಣುಕಿ ನೋಡೋಳು. ನೋಡ್ನಿಲ್ಲ ಅನ್ನೋನಂಗ ಇದ್ದೆ. ಒಂದಿನಾನೂ ಒಳೀಕ್ ಬಾ ಅಂತ ಕರೀನಿಲ್ಲ ನಾನು.’

ಅವರನ್ನು ಆಡಿಕೊಂಡು ನಗಲೆಂದೇ ಬಂದಿದ್ದ ನಾನು ಫೋನಿನಿಂದ ಗುಜರಿಯವನ ನಂಬರ್ ಅಳಿಸಿದೆ. ಅಷ್ಟರಲ್ಲಿ ಆಟ ಮುಗಿದುಹೋಗಿತ್ತು. ಚಿಕ್ಕಮ್ಮ ಹಿಡಿಯಿಂದ ಕೈ ತೆಗೆಯಲಿಲ್ಲ, ತಿರುಗಿಯೂ ನೋಡಲಿಲ್ಲ.

‘ನೀವು ನೋಡ್ತಿದ್ದದ್ದು ನಂಗೂ ಗೊತ್ತಿತ್ತು,’ ಎಂದರು. ‘ಸುಮ್ನಿರಿ. ಇನ್ನೊಂದ್ಸಲ ಆಕಿ.’