ಮುಟ್ಟಿ ಕಲಿತ ಮಾತುಗಳು

ಮಕ್ಕಳಿಗೆ ಪದ ಕಲಿಸಲು ಹೊರಟವರು ದಿನಕ್ಕೊಮ್ಮೆಯಾದರೂ ಪೆಚ್ಚಾಗದೆ ಮನೆ ಸೇರುವಂತಿಲ್ಲ. ನಾನು ಮೈಸೂರಿನಲ್ಲಿ ಹುಟ್ಟಿ, ಮಾಂಟೆಸರಿ ತರಬೇತಿ ಪಡೆದು, ಮದುವೆಯಾಗಿ ಕೊಟ್ಟೂರಿಗೆ ಬಂದವಳು. ತೊಂಬತ್ತರ ದಶಕದಲ್ಲಿ ಇಲ್ಲಿನ ಶಾಲೆಯೊಂದರಲ್ಲಿ ಶಿಶುತರಗತಿ ಶುರುಮಾಡಿದೆ. ಪುಸ್ತಕವಿಲ್ಲ, ವಸ್ತು ಕೈಗೆ ಕೊಟ್ಟು ಹೆಸರು ಹೇಳುವುದು. ಶಾಲೆಯ ಅಧ್ಯಕ್ಷರು ಬಟ್ಟೆ ಅಂಗಡಿಯ ಸಾಹುಕಾರರು. ಮೊದಲೇ ಅಂದಿದ್ದರು: "ಒಂದು ವರ್ಷ ನೋಡ್ತೀನ್ರಿ. ಬರೀ ಆಟ ಆದ್ರ ಬಾಗಲಾ ಹಾಕಿಸ್ತೀನಿ."

೧

ಶೇಂಗಾ ಸುಲಿಸುತ್ತ 'ಸಿಪ್ಪೆ', 'ಬೀಜ' ಕಲಿಸಿದೆ. ಸಂಜೆ ಒಬ್ಬಳ ತಾಯಿ ಬಂದಳು.

"ಮನ್ಯಾಗ ಸುಲಿ ಅಂದ್ರ ಬೆರಳು ನೋಯ್ತಾವ ಅಂತಾಳ. ಇಲ್ಲಿ ಹೆಂಗ ಸುಲೀತಾಳ್ರಿ?"

"ಇಲ್ಲಿ ಅದು ಪಾಠ ಕಣಮ್ಮಾ."

ಮರುದಿನ ಅವರ ಮನೆಯಿಂದ ಸೈಕಲ್ ಮೇಲೆ ಅರ್ಧ ಚೀಲ ಶೇಂಗಾ ಬಂತು. ಪಾಠ ಬೇಗ ಮುಗಿಸಬೇಕಂತೆ, ಗಾಣಕ್ಕೆ ಹೊತ್ತಾಗುತ್ತದಂತೆ.

೨

'ನುಣುಪು', 'ಒರಟು' ಕಲಿಸಿ, ಮನೆಯಿಂದ ಒಂದೊಂದು ಒರಟು ವಸ್ತು ತರಲು ಹೇಳಿದೆ. ಗ್ಯಾರೇಜಿನವರ ಮಗಳು ಉಪ್ಪುಕಾಗದ ತಂದಳು. ಕುರಿ ಕಾಯುವವರ ಹುಡುಗಿ ತನ್ನ ತಾತನನ್ನೇ ಎಳೆದು ತಂದಳು. ಮಕ್ಕಳೆಲ್ಲ ಸಾಲಾಗಿ ಅವರ ಗಡ್ಡ ಸವರಿ "ಒರಟು" ಎಂದರು.

ತಾತ ಮೆಲ್ಲಗೆ ಕೇಳಿದರು: "ಇನ್ನ ಬೋಳಿಸಬಹುದೇನ್ರಿ, ಪರೀಕ್ಷಿ ಮುಗಿಯೋತನಕ ಬಿಡ್ಲ್ಯಾ?"

ಕಿಟಕಿಯಲ್ಲಿ ಅಧ್ಯಕ್ಷರ ಮುಖ ಕಂಡಿತು. "ಆವತ್ತು ಶೇಂಗಾ, ಇವತ್ತು ಗಡ್ಡ! ನಾಳಿ ಕುಂತು ನೋಡ್ತೀನಿ. ಸರಿ ಇಲ್ಲಾಂದ್ರ ನಾಳಿನೇ ಕಡೀ ದಿನ." ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

೩

ಮರುದಿನ ಬಟ್ಟೆಯ ಪಾಠ. ಅಧ್ಯಕ್ಷರ ಅಂಗಡಿಯದೇ ತುಂಡುಗಳು. ಕಣ್ಣು ಕಟ್ಟಿಕೊಂಡು ಮುಟ್ಟಿ ಗುರುತಿಸಬೇಕು. ಗ್ಯಾರೇಜಿನವರ ಮಗಳು ಗೆಳತಿಗೆ ಕಲಿಸುತ್ತಿದ್ದಳು.

"ಇದು ನನ್ನ ಕಸುಬವ್ವಾ, ನನಗ ಕಟ್ಟು," ಎಂದು ಅಧ್ಯಕ್ಷರು ಚಾಪೆಯ ಮೇಲೆ ಕೂತರು.

ಅವಳು ಒಂದೊಂದೇ ಮುಟ್ಟಿಸಿದಳು. "ಇದು ಹತ್ತಿ. ಇದು ಪಾಲಿಸ್ಟರ್. ಇದು ರೇಷ್ಮಿ." ಆಮೇಲೆ ಕಲೆಸಿದಳು. "ರೇಷ್ಮಿ ಕೊಡ್ರಿ."

ಸಾಹುಕಾರರು ಸವರಿ, ಮೂಸಿ, "ತಗೋ, ಅಪ್ಪಟ ರೇಷ್ಮಿ!" ಎಂದು ಪಾಲಿಸ್ಟರ್ ಕೊಟ್ಟರು.

ನಮ್ಮ ಪದ್ಧತಿಯಲ್ಲಿ ಕಲಿಯುವವರು ತಪ್ಪಿದರೆ ತಪ್ಪೆನ್ನಬಾರದು; ಸಾಮಾನು ಎತ್ತಿಟ್ಟು ಇನ್ನೊಂದು ದಿನ ಮೊದಲಿನಿಂದ ಕಲಿಸಬೇಕು. ಹುಡುಗಿ ಹಾಗೆಯೇ ತುಂಡುಗಳನ್ನು ಮಡಚಿದಳು, ಕಣ್ಣಪಟ್ಟಿ ಬಿಚ್ಚಿದಳು, ಅವರ ಬೆನ್ನು ಸವರಿದಳು.

"ಇವತ್ತಿಗೆ ಸಾಕ್ರಿ ಅಜ್ಜಾರ. ನಾಳಿ ಬರ್ರಿ."

ಮರುದಿನ ಗಂಟೆ ಹೊಡೆಯುವ ಮೊದಲೇ ಅಧ್ಯಕ್ಷರು ಹಾಜರ್. ನಾನು ಅಂಜುತ್ತಲೇ ಕೇಳಿದೆ: "ಸರ್, ತರಗತಿ ಮುಚ್ಚುವ ವಿಷಯ..."

"ಅದನ್ನ ಆಮ್ಯಾಲ ನೋಡೂಣ್ರಿ," ಎಂದು ಅವರೇ ಚಾಪೆ ಹಾಸಿಕೊಂಡರು. "ಮೊದ್ಲು ಆ ಹುಡುಗೀನ ಕರೀರಿ."