ಹಳೇ ಡಬ್ಬಿ, ಹೊಸ ಓಎಸ್, ನಡುವ ನನ್ನ ಮೀಸಿ

ನಾನು ಸುಮ್ಮನ ಕುಂತರೂ ಹಿಂತಾ ಫಜೀತಿ ನನ್ನ ಮನಿ ಹುಡುಕ್ಕೊಂಡ ಬರತಾವು. ಒಂದು ಮುಗೀತು ಅಂತ ಚಹಾದ ಕಪ್ಪು ಕೈಯಾಗ ಹಿಡಿಯೂದರಾಗ ಇನ್ನೊಂದು ಬಾಗಲದಾಗ ನಿಂತಿರತೈತಿ. ಅದಕ್ಕ ನಾ ಏನ ಮಾಡಲಿ? ನನ್ನ ಕೈಗುಣಾನ ಹಂಗೈತಿ.

ನಾನು ಬನಹಟ್ಟಿಯಾವ. ಸಾಲಿ ಕಟ್ಟಿ ಹತ್ತಿದಾವಲ್ಲ. ಕನ್ನಡ ಅಕ್ಷರ ಕಲ್ತದ್ದು ಬಸ್ಸಿನ ಬೋರ್ಡ್ ಓದಿ. 'ಜಮಖಂಡಿ' ಲಗೂನ ಬಂತು, 'ಮುಧೋಳ'ಕ್ಕ ನಾಕ ದಿನಾ ಹಿಡೀತು, 'ಚಿಕ್ಕಪಡಸಲಗಿ' ಅಂತ ಓದಿ ಮುಗಿಸೂದರಾಗ ಬಸ್ಸು ಹೋಗಿಬಿಡತಿತ್ತು. ಇಂಗ್ಲಿಷ್ ಬೋರ್ಡಿನ ಬಸ್ಸು ನಮ್ಮ ಕಡೆ ಬರಲಿಲ್ಲ, ಹಿಂಗಾಗಿ ಇಂಗ್ಲಿಷ್ ನನಗ ಬರಲಿಲ್ಲ. ಆದ್ರ ಮೂವತ್ತು ವರ್ಷ ಪಾವರಲೂಮ್ ರಿಪೇರಿ ಮಾಡೇನಿ. ಬನಹಟ್ಟಿಯೊಳಗ ಮಲಕೊಂಡು ರಬಕವಿಯೊಳಗಿನ ಮಗ್ಗದ ಸಪ್ಪಳ ಕೇಳಿ, ಯಾವ ಬೋಲ್ಟು ಸಡ್ಲಾಗೈತಿ ಅಂತ ಹೇಳತಿದ್ದೆ. ಸುಳ್ಳ ಅನ್ನಾವ್ರು ರಬಕವಿಗೆ ಹೋಗಿ ಕೇಳಬಹುದು. ಆ ಮಗ್ಗ ಈಗಿಲ್ಲ, ಅದು ಬ್ಯಾರೆ ಮಾತು.

ಒಂದ ದಿನ ನಮ್ಮೂರ ನೂಲಿನ ಅಂಗಡಿಯಾವನ ಕಂಪ್ಯೂಟರ್ ನಿಂತಿತು. ಬಿಚ್ಚಿ ನೋಡಿದ್ರ ಒಳಗಿನ ಫ್ಯಾನಿಗೆ ಹತ್ತಿ ಜೂಲು ಸುತ್ತಿತ್ತು, ಒಂದು ದಿಂಬಿಗೆ ಆಗೂವಷ್ಟು. ತಗದು ಹಾಕಿದೆ, ಡಬ್ಬಿ ಮುಧೋಳ ನಾಯಿ ಓಡಿದಂಗ ಓಡಿತು. ನನ್ನ ಹೆಂಡತಿ ಇವತ್ತಿಗೂ ಆ ದಿಂಬಿನ ಮ್ಯಾಲ ತಲಿ ಇಡತಾಳ. ಅಲ್ಲಿಂದ ನಾನು ಕಂಪ್ಯೂಟರ್ ರಿಪೇರಿಯಾವ ಆದೆ.

ಅಷ್ಟರಾಗ ಹೊಸ ಓಎಸ್ ಬಂತು. ಓಎಸ್ ಅಂದ್ರ ಡಬ್ಬಿಯೊಳಗಿನ ಯಜಮಾನಿ ಇದ್ದಂಗ. ಆಕಿ ಇಲ್ಲಾಂದ್ರ ದೀಪ ಎಲ್ಲೈತಿ, ಬಾಗಲಾ ಎಲ್ಲೈತಿ, ಡಬ್ಬಿಗೆ ತಿಳಿಯೂದಿಲ್ಲ. ನಾಕೈದ ವರ್ಷಕ್ಕೊಮ್ಮೆ ಹೊಸಾ ಯಜಮಾನಿ ಬರತಾಳ, ಹಳಿ ಡಬ್ಬಿ ನೋಡಿ ಮಾರಿ ತಿರವತಾಳ. ಜಮಖಂಡಿಯೊಳಗ ಹೊಸ ಕಂಪ್ಯೂಟರ್ ಮಾರೂ ಸಾವಕಾರ ಒಬ್ಬ ಇದ್ದ. ಹಳಿ ಡಬ್ಬಿ ತಗೊಂಡು ಹೋದಾವ್ರಿಗೆಲ್ಲ ಆತಂದು ಒಂದ ಮಾತು: "ಇದಕ್ಕ ಹೊಸ ಓಎಸ್ ಹತ್ತಂಗಿಲ್ರಿ. ಗುಜರಿ ಮೋಡಕಾಕ್ಕ ಹಾಕ್ರಿ, ಹೊಸಾದ ತಗೋರಿ." ಆತ ಓಎಸ್ ಹಾಕೂದನ್ನ ಒಮ್ಮೆ ಕಟ್ಟೀಗೆ ನಿಂತು ನೋಡಿದೆ. ಯಾವ ಬಣ್ಣ ಬಂದಾಗ ಎಲ್ಲಿ ಒತ್ತಿದ ಅಂತ ನೆನಪಿಟ್ಟೆ. ಅಷ್ಟ ಸಾಕಾತು.

ಚಹಾದಂಗಡ್ಯಾಗ ಹತ್ತ ಮಂದಿ ಮುಂದ ಮೀಸಿ ಮ್ಯಾಲ ಕೈ ಇಟ್ಟೆ. "ನಾ ಕೈ ಹಚ್ಚಿದ ಒಂದ ಡಬ್ಬಿ ಹೊಸ ಓಎಸ್ ಒಲ್ಲೆ ಅಂದ್ರ, ಈ ಮೀಸಿ ಬೋಳಸ್ತೇನಿ."

ಜಮಖಂಡಿ ಸಾವಕಾರ ಚಹಾ ಬಸಿಗೆ ಸುರಕೊಂಡು ನಕ್ಕ. "ಕಟಿಂಗ್ ಅಂಗಡಿಯಾವನ್ನ ನಾನ ಕರಕೊಂಡ ಬರತೇನಿ ಕಾಕಾ. ನೀ ಬರೀ ಮೀಸಿ ಜ್ವಾಕಿ ಮಾಡು."

ಮಾತು ಊರ ತುಂಬ ಹೋತು. ಮೀಸಿ ನಂದು, ಕಾಳಜಿ ಊರಿಂದು.

ಬಲಗಾಲ ಇಟ್ಟು ಒಳಗ ಬಾ

ಮೊದಲನೇ ಡಬ್ಬಿ ಅದ ನೂಲಿನ ಅಂಗಡಿಯಾವಂದು. ಡಿಸ್ಕ್ ಹಾಕಿದೆ, ಗಿರಗಿರ ತಿರಗಿತು. ಒಮ್ಮಿಂದೊಮ್ಮೆಲೆ ಸ್ಕ್ರೀನ್ ಮ್ಯಾಲ ಹಳದಿ ಬಣ್ಣದ ಮೂರ ಮೂಲಿ ಗುರತು ಬಂತು. ಬಾಜೂಕ ನಾಕ ಸಾಲು ಇಂಗ್ಲಿಷು. ಕೆಳಗ ಎರಡು ಸಣ್ಣ ಚೌಕ, ಎಡಕ್ಕೊಂದು ಬಲಕ್ಕೊಂದು.

ಅಂಗಡಿಯಾವ ಕುರ್ಚಿ ಹತ್ತರ ಎಳಕೊಂಡ. "ಏನ ಅನ್ನಾಕತೈತ್ರಿ ಕಾಕಾ ಅದು?"

"ಆರಾಮ ಅದೀರಿ? ಅಂತ ಕೇಳಾಕತೈತಿ."

"ನಾಕ ಸಾಲ ಐತಲ್ರೀ!"

"ಮನಿ ಮಂದೀನೆಲ್ಲ ಕೇಳತೈತಿ."

ಈಗ ಯಾವ ಚೌಕ ಒತ್ತಬೇಕು? ಸಾವಕಾರ ಒತ್ತುವಾಗ ಈ ಹಳದಿ ಬಂದಿರಲಿಲ್ಲ. ನಾನು ಒಂದ ಗಳಿಗಿ ವಿಚಾರ ಮಾಡಿದೆ. ಹೊಸಾ ಸೊಸಿ ಹೊಸ್ತಲಾ ದಾಟುವಾಗ ಯಾವ ಕಾಲ ಇಡತಾಳ? ಬಲಗಾಲ. ಹಂಗಾರ ಹೊಸಾ ಓಎಸ್ ಯಾಕ ಎಡಕ್ಕ ಬರಬೇಕು? ಬಲಕ್ಕಿನ ಚೌಕ ಒತ್ತಿದೆ. ಹಳದಿ ಹೋತು, ಓಎಸ್ ಒಳಗ ಬಂತು. ಅವತ್ತಿನಿಂದ ನನ್ನ ವಿದ್ಯಾ ಇಷ್ಟ: ಏನರ ಬರಲಿ, ಬಲಕ್ಕ ಒತ್ತು. ಒಂದ ಡಬ್ಬೀನೂ ಒಲ್ಲೆ ಅನ್ನಲಿಲ್ಲ. ಅಂದಿದ್ರ ನನಗ ಗೊತ್ತಾಗತಿರಲಿಲ್ಲೇನು?

ಅಂಗಡಿಯಾವನ ಸಂಶೇ ಮಾತ್ರ ಹೋಗಲಿಲ್ಲ. "ಕಾಕಾ, ಆ ಹಳದಿ ಬಂತಲ್ರೀ, ಅದೇನು?"

"ಅರಿಷಿಣ. ಶುಭ ಕೆಲಸಲೇ ಇದು."

"ಮತ್ತ ಒಮ್ಮೊಮ್ಮೆ ಕೆಂಪಂದು ಬರತೈತಂತಲ್ರೀ?"

"ಅದು ಕುಂಕುಮ."

ಡಬ್ಬಿ ಉಂಡ ಹೋಳಿಗಿ

ಬೀಳಗಿ ಕಡೆ ಝೆರಾಕ್ಸ್ ಅಂಗಡಿಯಾವ ಒಬ್ಬ ಇದ್ದ. ಅವರ ಹಳೇ ಊರು ಡ್ಯಾಮಿನ ನೀರಾಗ ಹೋಗಿತ್ತು. ಟ್ರ್ಯಾಕ್ಟರಿನ್ಯಾಗ ಎಮ್ಮಿ, ಕಡಾಯಿ, ಕಂಪ್ಯೂಟರ್ ಕೂಡೇ ಹೇರಕೊಂಡು ಹೊಸ ಊರಿಗೆ ಬಂದಿದ್ದ. "ಜಮಖಂಡಿ ಸಾವಕಾರ ಇದನ್ನ ಒಗೀ ಅಂತಾನ್ರಿ" ಅಂತ ಅಳುಮಾರಿ ಮಾಡಿದ. "ಊರ ಮುಳುಗಿತು, ಇದು ಮುಳುಗಲಿಲ್ಲ. ಹೆಂಗ ಒಗೀಲಿ?"

ಆತಗ ಧೈರ್ಯ ಹೇಳಿ ಡಿಸ್ಕ್ ಹಾಕಿದೆ. ಓದವಲ್ತು. ಮತ್ತ ಹಾಕಿದೆ. ಒಳಗಿಂದ ಗೊರಗೊರ ಸಪ್ಪಳ, ಮುದುಕನ ಕೆಮ್ಮಿನಂಗ. ಆ ಸಪ್ಪಳ ಕೇಳಿ ನಾನು, ಬಾಯಾಗ ಏನೋ ಸಿಕ್ಕೈತಿ ಅಂದೆ. ಅಂದದ್ದು ಖರೇನ ಆತು. ಡಿಸ್ಕ್ ಹಾಕೂ ತಾಟು ಬಿಚ್ಚಿ ನೋಡತೇನಿ, ಒಳಗ ಒಣಗಿದ ಕೊಬ್ಬರಿ, ಬೆಲ್ಲ, ಒಂದು ಎಲಿ, ಎರಡು ಅಡಕಿ. ಸುತ್ತ ಇರಿವಿ ಸಾಲು ಹಚ್ಚಿ ಜಾತ್ರಿ ಮಾಡಿದ್ವು.

"ಇದೇನೋ ತಮ್ಮಾ?"

ಆತ ಕೈ ಮುಗದ. "ದಸರಾಕ್ಕ ಖಂಡೇ ಪೂಜಿ ಮಾಡಿದ್ವಿರಿ. ಇದರ ಗುಂಡಿ ಒತ್ತಿದ್ನಿ, ತಾಟ ಹೊರಗ ಬಂತು. ತಾನಾ ತಾಟ ಹಿಡದು ಕೇಳುವಾಗ ಹೆಂಗ ಇಲ್ಲ ಅನ್ಲಿರಿ? ನೈವೇದ್ಯ ಇಟ್ಟ್ನಿ. ಒಳಗ ತಗೊಂತು."

ನಮ್ಮ ಕಡೆ ಖಂಡೇ ಪೂಜಿಗೆ ಮಗ್ಗಕ್ಕೂ ಎಡಿ ಹಿಡೀತೀವಿ, ಹೊಲದ ರಂಟಿಗೂ ಹಿಡೀತೀವಿ. ಆದ್ರ ಯಾವ ಮಗ್ಗಾನೂ ಇಲ್ಲೀತನಕ ಬಾಯಿ ತಗದು ತಿಂದಿರಲಿಲ್ಲ. ಎಲ್ಲಾ ಒರಸಿ ತಗದೆ. ಡಿಸ್ಕ್ ಓದಿತು, ಅರಿಷಿಣ ಬಂತು, ಬಲಕ್ಕ ಒತ್ತಿದೆ, ಓಎಸ್ ಕುಂತಿತು. "ಇನ್ನ ಮುಂದ ಕುಂಕುಮ ಹೊರಗ ಹಚ್ಚು, ಒಳಗ ಏನೂ ಇಡಬ್ಯಾಡ" ಅಂತ ತಾಕೀತು ಮಾಡಿ ಬಂದೆ.

ನಾಕ ವರ್ಷ ಬಿಟ್ಟು ಮತ್ತ ಅದಕ್ಕಿಂತ ಹೊಸ ಓಎಸ್ ಬಂತು, ಮತ್ತ ಕರದ. ಹೋಗಿ ಗುಂಡಿ ಒತ್ತಿದೆ. ತಾಟು ಬಂತು, ತಾಟಿನ್ಯಾಗ ಹೋಳಿಗಿ.

ನಾ ಬಾಯಿ ತಗಿಯೂಕಿಂತ ಮೊದಲ ಆತ ಅಂದ: "ಈ ಸಲ ಚೂರೂ ಗೊರಗೊರ ಅಂದಿಲ್ರಿ ಕಾಕಾ. ಡಿಸ್ಕಿನ ಅಳತಿಗೆ ಬರಾಬರಿ ಮಾಡ್ಸೇನಿ."

ಓಣ್ಯಾಗ ಸಾವು

ನಮ್ಮ ಓಣ್ಯಾಗ ಸೀರಿ ಅಂಚಿನ ಡಿಸೈನ್ ತಗಿಯಾವ ಒಬ್ಬ ಅದಾನ. ಆತನ ಡಬ್ಬಿ ನನ್ನ ಮನೀಗೇ ತಂದಿಟ್ಟಿದ್ದ. ಬಾಳ ಹಳೇದು. ಓಎಸ್ ಅರ್ಧಕ್ಕ ಬರತಿತ್ತು, ಕರೆಂಟ್ ಕುಗ್ಗತಿತ್ತು, ಡಬ್ಬಿ ಆರತಿತ್ತು. ಒಮ್ಮೆ ನೂರಕ್ಕ ತೊಂಬತ್ತೆಂಟರ ತನಕ ಬಂದು ಆರಿತು. ನನ್ನ ಕೈ ತಾನ ಮೀಸಿ ಮುಟ್ಟಿ ನೋಡಕೊಂತು.

ಕಾರಣ ನನಗ ಗೊತ್ತಿತ್ತು. ಓಣಿ ತುಂಬ ಮಗ್ಗ. ಎಲ್ಲಾ ಒಮ್ಮೆಲೆ ನಡದ್ರ ಕರೆಂಟು ನಮ್ಮನಿ ತನಕ ಬರೂದರಾಗ ದಣದಿರತೈತಿ. ನಾನು ಮನಿ ಮನಿಗೆ ಹೋದೆ. "ಒಂದ ತಾಸು ಮಗ್ಗ ನಿಲ್ಲಸ್ರಪಾ, ನನ್ನ ಮಾನದ ಪ್ರಶ್ನೆ ಐತಿ." ಮೂವತ್ತು ವರ್ಷ ಅವರ ಮಗ್ಗ ರಿಪೇರಿ ಮಾಡಿದಾವ ಕೇಳಿದ್ರ ಇಲ್ಲ ಅಂತಾರೇನು? ಒಂದೊಂದ ನಿಂತು, ಓಣಿ ಗಪ್ಪಾತು. ಗಿಡದ ಮ್ಯಾಲಿನ ಕಾಗಿ ಸೈತ ಕೆಳಗ ಬಗ್ಗಿ ನೋಡಿತು.

ಆದ್ರ ಒಂದು ಮರತಿದ್ದೆ. ನಮ್ಮ ಓಣ್ಯಾಗ ಹಗಲಹೊತ್ತಿನ್ಯಾಗ ಎಲ್ಲಾ ಮಗ್ಗ ಒಮ್ಮೆಲೆ ನಿಲ್ಲೂದು, ಯಾರರ ತೀರಿಕೊಂಡಾಗ ಮಾತ್ರ.

ನಾನು ಸ್ಕ್ರೀನಿನ ಮುಂದ ಕುಂತೇನಿ. ಹೊರಗ ಹೆಣ್ಮಕ್ಕಳ ಅಳೂ ಸಪ್ಪಳ. ಹಿಂದಿನ ಓಣಿಯವರು ಬಂದ್ರು, ಭಜನಿಯವರು ತಾಳ ಹಿಡಕೊಂಡು ಬಂದ್ರು. ಎಲ್ಲಾ ಮನಿ ಹುಡುಕಿ, ಕಡೀಕ ಮಗ್ಗ ನಿಲ್ಲಸ್ರಿ ಅಂದಾವ ನಾನ ಅಂತ ತಿಳದು ನನ್ನ ಬಾಗಲಕ್ಕ ನಿಂತ್ರು.

ಒಬ್ಬ ಮುದುಕಿ ಸೆರಗ ಬಾಯಿಗೆ ಹಚಕೊಂಡು ಕೇಳಿದ್ಲು, "ಯಾರ ಹ್ವಾದ್ರೋ ಯಪ್ಪಾ?"

ನನ್ನ ಕಣ್ಣು ಸ್ಕ್ರೀನ್ ಮ್ಯಾಲ, ತೊಂಬತ್ತೊಂಬತ್ತಕ್ಕ. "ಹಳೇ ಓಎಸ್ ಹೋತು ಯವ್ವಾ. ಬಾಳ ದಿನದಿಂದ ನರಳತಿತ್ತು."

ಅಕಿ ಇನ್ನೂ ಜೋರ ಅತ್ತಳು, ಸ್ಕ್ರೀನ್ ಮ್ಯಾಲ ನೂರಾತು. ಅಷ್ಟರಾಗ ಜಮಖಂಡಿ ಸಾವಕಾರ ಗಾಡಿ ಮ್ಯಾಲ ಹಾರ ಇಟಗೊಂಡು ಬಂದಿಳದ. ನನ್ನ ನೋಡಿ ಬೆಚ್ಚಿದ. ಸುಧಾರಿಸಿಕೊಂಡು ಹಾರ ನನ್ನ ಕೊಳ್ಳಾಗ ಹಾಕಿ ಅಂದ: "ಹ್ವಾದಿ ಅಂತ ಸುದ್ದಿ ಬಂತು ಕಾಕಾ. ನೀ ಹ್ವಾದದ್ದು ಇರಲಿ, ಮೀಸೀನೂ ಸಂಗಾಟ ಒಯ್ದೆಲ್ಲಾ ಅಂತ ಬಾಳ ಕೆಟ್ಟ ಅನಿಸ್ತು."

ಕನ್ನಡದ ಡಿಸ್ಕು

ಕಡೇದು ಜಮಖಂಡಿಯ ಕನ್ನಡ ಮಾಸ್ತರರ ಡಬ್ಬಿ. ಪೆನ್ಷನ್ ಆದ ಮ್ಯಾಲೂ ತಪ್ಪು ತಿದ್ದೂದು ಬಿಟ್ಟಿರಲಿಲ್ಲ. ಲಗ್ನದ ಪತ್ರಿಕಾ ಕೊಟ್ರ ಕೆಂಪ ಪೆನ್ನಿಲೆ ತಿದ್ದಿ ತಿರಗಿ ಕೊಡಾವ್ರು. ಅವರ ಡಬ್ಬಿ ಎಷ್ಟು ಹಳೇದಂದ್ರ, ನನ್ನ ಮನಿ ತನಕ ತರಾಕ ಇಬ್ಬರು ಬೇಕಾದ್ರು. ಹೊತ್ತು ತಂದಾವ್ರೊಳಗ ಒಬ್ಬ ಜಮಖಂಡಿ ಸಾವಕಾರ. ಆತನ ಹಿಂದ ಕಟಿಂಗ್ ಅಂಗಡಿಯಾವ, ಬಗಲಾಗ ಕತ್ತಿ-ಕತ್ತರಿ ಚೀಲ.

"ಇದು ಹತ್ತಿತಂದ್ರ, ಇನ್ನ ಜನ್ಮದಾಗ ನಿನ್ನ ಮೀಸಿ ಸುದ್ದಿಗೆ ಬರಂಗಿಲ್ಲ ಕಾಕಾ" ಅಂದ ಸಾವಕಾರ.

ನಾನು ನನ್ನ ಡಿಸ್ಕ್ ತಗದೆ. ಮಾಸ್ತರು ಕೈ ಅಡ್ಡ ಹಿಡದ್ರು. "ಇಂಗ್ಲಿಷಿಂದು ಬೇಡಪ್ಪಾ. ನಾನು ಕನ್ನಡದ ಡಿಸ್ಕು ತರಿಸಿದ್ದೇನೆ. ಎಲ್ಲಾ ಕನ್ನಡದೊಳಗ ಬರತದ."

ನನಗ ಖುಷಿ ಆತು. ನನ್ನ ಭಾಷಾದಾಗ ಬರತೈತಿ ಅಂದಮ್ಯಾಲ ಕೆಲಸ ಇನ್ನೂ ಹಗರ ಅಲ್ಲೇನು? ಚಸ್ಮಾ ಒರಸಿ ಹಾಕ್ಕೊಂಡು ಕುಂತೆ. ಡಿಸ್ಕ್ ತಿರಗಿತು. ಹಳದಿ ಮೂರ ಮೂಲಿ ಗುರತು ಬಂತು. ನನ್ನ ಹಳೇ ಅರಿಷಿಣ. ಬಾಜೂಕ ಅದ ನಾಕ ಸಾಲು. ಕೆಳಗ ಅದ ಎರಡು ಚೌಕ. ಈ ಸಲ ಅಕ್ಷರ ನನಗ ಬರೂವಂಥಾವು.

"ಜೋರಾಗಿ ಓದು ಕಾಕಾ" ಅಂದ ಸಾವಕಾರ.

ಬಸ್ಸಿನ ಬೋರ್ಡ್ ಓದಿದಂಗ ಒಂದೊಂದ ಅಕ್ಷರ ಕೂಡಿಸಿ ಓದಿದೆ. "ಎಚ್ಚರಿಕೆ. ಈ ಗಣಕಯಂತ್ರವು ಬಹಳ ಹಳೆಯದು. ಈ ವ್ಯವಸ್ಥೆಯು ಇದಕ್ಕೆ ತಕ್ಕುದಲ್ಲ. ದಯವಿಟ್ಟು ಇಲ್ಲಿಗೇ ನಿಲ್ಲಿಸಿರಿ."

ಎಡಕ್ಕಿನ ಚೌಕದಾಗ 'ನಿಲ್ಲಿಸು'. ಬಲಕ್ಕಿನ ಚೌಕದಾಗ 'ಆದರೂ ಮುಂದುವರಿಸು'.

ನೂಲಿನ ಅಂಗಡ್ಯಾಗ ಬಂದದ್ದು ಇದ. ಬೀಳಗ್ಯಾಗ ಬಂದದ್ದು ಇದ. ಇಷ್ಟ ವರ್ಷ ಡಬ್ಬಿ ಡಬ್ಬೀನೂ ಬ್ಯಾಡೋ, ಬ್ಯಾಡೋ ಅಂತ ಬಾಯಿ ಬಾಯಿ ಬಡಕೊಂಡಿದ್ದಾವು. ನಾನು ಆರಾಮ ಅದೀರಿ ಅಂತ ಕೇಳಾಕತ್ತಾವು ಅಂತ ತಿಳದು ಅವುಗಳ ಕೊಳ್ಳ ಮ್ಯಾಲ ಕಾಲಿಟ್ಟು ಓಎಸ್ ಒಳಗ ನೂಕಿದ್ದೆ.

ಮಾಸ್ತರು ಸ್ಕ್ರೀನಿಗೆ ಮೂಗು ಹಚ್ಚಿ ನೋಡಿ ಬಾಳ ಸಂತೋಷಪಟ್ರು. "ಒಂದೂ ತಪ್ಪಿಲ್ಲ ನೋಡು. ಎಷ್ಟು ಚಂದ ಬರದಾರ."

ನನ್ನ ಬೆರಳು ಮೇಲಕ್ಕ ಎದ್ದದ್ದು ಕೆಳಗ ಬರವಲ್ದು. ಇಂಗ್ಲಿಷಿನ್ಯಾಗ ಬ್ಯಾಡ ಅಂದಾಗ ಗುಡಿಗಿನಂಗ ಒತ್ತಿದ ಬೆರಳು, ಕನ್ನಡದಾಗ ದಯವಿಟ್ಟು ಅಂದ ಕೂಡಲೇ ಗಾಳ್ಯಾಗ ನಿಂತುಬಿಟ್ಟಿತು. ಇಷ್ಟು ಮರ್ಯಾದಿಲೆ ಹೇಳಾವ್ರನ್ನ ಹೆಂಗ ಮೀರೂದು?

"ಅಂದ್ರ ಡಬ್ಬಿ ಒಲ್ಲೆ ಅಂತು, ಹೌದಿಲ್ಲೋ?" ಸಾವಕಾರ ಕಟಿಂಗ್ ಅಂಗಡಿಯಾವಗ ಸನ್ನಿ ಮಾಡಿದ. ಆತ ನನ್ನ ಕೊಳ್ಳಿಗೆ ಬಿಳಿ ಅರಬಿ ಸುತ್ತಿ, ಮೀಸಿಗೆ ನೀರು ಹಚ್ಚಿ, ಕತ್ತಿ ತಗದ. "ಕಾಕಾ, ಯಾವ ಕಡಿಂದ ಹಿಡೀಲ್ರಿ?"

ನನ್ನ ಬಾಯಿಂದ ರೂಢಿಲೆ ಬಂತು: "ಬಲಕ್ಕಿಂದ."

ಒಳಗ ರೊಟ್ಟಿ ಬಡಿಯೂ ಸಪ್ಪಳ ನಿಂತಿತು. ನನ್ನ ಹೆಂಡತಿ ಹೊರಗ ಬಂದ್ಲು, ಎರಡೂ ಕೈ ಜ್ವಾಳದ ಹಿಟ್ಟು. ಸ್ಕ್ರೀನ್ ನೋಡಿದ್ಲು, ಕತ್ತಿ ನೋಡಿದ್ಲು, ನನ್ನ ಮಾರಿ ನೋಡಿದ್ಲು. ನನ್ನ ಮೂಗಿನ ಮ್ಯಾಲಿನ ಚಸ್ಮಾ ತಗದು ಸೆರಗಿಗೆ ಸಿಗಿಸಿಕೊಂಡ್ಲು. ಅಕ್ಷರೆಲ್ಲಾ ಮಂಜಾದ್ವು.

"ಈಗ ಒತ್ರಿ."

ಬಲಕ್ಕ ಒತ್ತಿದೆ. ಡಬ್ಬಿ ನರಳಿತು, ಹೊಗಿ ಬಂದಂಗ ವಾಸನಿ ಬಂತು, ಅಕಿ ಹೋಗಿ ಹದಿನೆಂಟು ರೊಟ್ಟಿ ಬಡದು ಮುಗಿಸೂದರಾಗ ಓಎಸ್ ಕಾಲ ಮ್ಯಾಲ ಕಾಲ ಹಾಕ್ಕೊಂಡು ಕುಂತಿತ್ತು. ಮಾಸ್ತರು ಚಪ್ಪಾಳಿ ಹೊಡದ್ರು. ಬಂದ ಕತ್ತಿ ಖಾಲಿ ಹೋಗಬಾರದು ಅಂತ ಸಾವಕಾರ ತಾನ ಗಡ್ಡ ಒಡ್ಡಿ ಕುಂತ.

ಅರ್ಧ ಗಡ್ಡದ ಬುರುಗಿನ್ಯಾಗಿಂದನ ಕೇಳಿದ, "ಅಲ್ಲ ಕಾಕು, ಬ್ಯಾಡ ಅಂತ ಅಷ್ಟು ಸ್ವಚ್ಛ ಕನ್ನಡದಾಗ ಬರದಿತ್ತು. ಆದ್ರೂ ಒತ್ರಿ ಅಂದ್ರೆಲ್ರೀ?"

ಅಕಿ ರೊಟ್ಟಿ ಬುಟ್ಟಿ ಕೆಳಗ ಇಟ್ಲು. "ಇವ್ರಿಗೆ ನಾನು ನಲವತ್ತ ವರ್ಷದಿಂದ ಸ್ವಚ್ಛ ಕನ್ನಡದಾಗನ ಬ್ಯಾಡ್ರೀ, ಬ್ಯಾಡ್ರೀ ಅನಕೋಂತ ಬಂದೇನಿ. ನಂದು ಒಂದ ದಿನಾ ಕೇಳದಾವ್ರು, ಇವತ್ತ ಬಂದ ಆ ಡಬ್ಬೀದು ಹೆಂಗ ಕೇಳ್ತಾರ? ಕೇಳಾಕ ನಾ ಬಿಡತೇನೇನು?"