ಹಣೆಯ ಹಳೇ ಮೂಳೆ ಜಮಾ ಮಾಡುವ ಬಗ್ಗೆ

ಇಂದ:
ಕಾರ್ಖಾನೆಯ ಉಗ್ರಾಣದ ಕಿಟಕಿಯಲ್ಲಿ ಮೂವತ್ತೊಂದು ವರ್ಷ ಕೂತವನು,
ಸದ್ಯ ಮನೆಯಲ್ಲಿ, ಹಣೆ ಅಪೂರ್ಣ.

ಗೆ:
ಬಿಡಿಭಾಗ ಮಂಜೂರಾತಿ ಅಧಿಕಾರಿಗಳು,
ಅದೇ ಕಾರ್ಖಾನೆ.

ವಿಷಯ: ಹಳೇ ಮೂಳೆ ಪಡೆಯದೆ ಹೊಸದನ್ನು ಕೊಡಿಸುವ ಕುರಿತು.

ಉಲ್ಲೇಖ: 1) ತಮ್ಮ ಆಕ್ಷೇಪಣೆ, "ಹಳೇ ಭಾಗ ಹಿಂತಿರುಗಿಸಿಲ್ಲ." 2) ಅದೇ ಆಕ್ಷೇಪಣೆ, ಎರಡನೇ ಸಲ.

ಮಾನ್ಯರೇ,

1. ಹನ್ನೊಂದು ತಿಂಗಳ ಹಿಂದೆ ಬೇರಿಂಗಿನ ಪೆಟ್ಟಿಗೆಯೊಂದು ಮೇಲಿನ ಹಲಗೆಯಿಂದ ಜಾರಿ ಅರ್ಜಿದಾರನ ಹಣೆಯ ಮೇಲೆ ಇಳಿಯಿತು. ಪೆಟ್ಟಿಗೆಗೆ ಏನೂ ಆಗಿಲ್ಲವೆಂದು ಅದೇ ದಿನ ವರದಿಯಾಗಿದೆ. ಹಣೆಯ ವರದಿ ಇನ್ನೂ ಬರಬೇಕಾಗಿದೆ.

2. ಎಡಹುಬ್ಬಿನ ಮೇಲೆ ಅಂಗೈಯಗಲ ಈಗ ಮೂಳೆಯಿಲ್ಲ, ತೊಗಲು ಮಾತ್ರ. ಕೆಮ್ಮಿದರೆ ಉಬ್ಬುತ್ತದೆ. "ಮೆಲ್ಲಗೆ ಕೆಮ್ಮಿ, ಒಳಗಿರೋ ಅಷ್ಟಿಷ್ಟೂ ಹೊರಗೆ ಬಂದೀತು" ಎನ್ನುತ್ತಾಳೆ ಅರ್ಜಿದಾರನ ಹೆಂಡತಿ. ಎಲ್ಲಿಗೆ ಹೋದರೂ ಬಾಗಿಲ ಚೌಕಟ್ಟಿಗೆ ಕೈ ಅಡ್ಡ ಹಿಡಿದು ಅವಳೇ ಮುಂದೆ ನಡೆಯುತ್ತಾಳೆ.

3. ಅಲ್ಲಿ ಕೂರಿಸಬೇಕಾದ ಹೊಸ ಭಾಗದ ಬಗ್ಗೆ ಕಾರ್ಖಾನೆ ಆಸ್ಪತ್ರೆಯ ಡಾಕ್ಟರು ಹೇಳಿದ್ದು: "ಇದು ಮೂಳೆ ಅಲ್ಲ ಯಜಮಾನ್ರೇ, ಮೂಳೆ ಥರದ್ದು. ಗಾಜಿನ ನೂಲು, ಅಂಟು, ಗಾಜಿನ ಪುಡಿ ಸೇರಿಸಿ ನಿಮ್ಮ ಹಣೆ ಅಳತೆಗೇ ಮಾಡಿಸಿದೀವಿ. ಕೂರಿಸಿದ್ಮೇಲೆ ಸುತ್ತಲಿನ ಮೂಳೆ ಮೆಲ್ಲಗೆ ಬಂದು ಅಪ್ಪಿಕೊಳ್ಳುತ್ತೆ. ಅಲ್ಲೀತನಕ ಇನ್ನೊಂದು ಸಣ್ಣ ಏಟು ಬಿದ್ರೂ ಕಷ್ಟ." ಹೀಗೆ ಅಪ್ಪಿಕೊಳ್ಳಲು ಮೂಳೆಗೆ ಯಾರ ಮಂಜೂರಾತಿಯೂ ಬೇಡವೆಂದು ತಿಳಿದು ಅರ್ಜಿದಾರನಿಗೆ ಬಹಳ ಆಶ್ಚರ್ಯವಾಯಿತು.

4. ಆಸ್ಪತ್ರೆಯ ಸಾಮಾನೂ ಉಗ್ರಾಣದ ಮೂಲಕವೇ ಹೋಗಬೇಕಾದ ಕಾರಣ, ಸದರಿ ಹಣೆಯು ನಾಲ್ಕು ತಿಂಗಳಿಂದ ಮೂರನೇ ಹಲಗೆಯ ಮೇಲೆ, ನಟ್ಟು ಬೋಲ್ಟುಗಳ ಪಕ್ಕದಲ್ಲಿದೆ. ಅರ್ಜಿದಾರನು ಖುದ್ದು ಹೋಗಿ ಕೇಳಿದನು. ಕಿಟಕಿಯಲ್ಲಿದ್ದ ಗುಮಾಸ್ತ ಅರ್ಜಿದಾರನ ಕೈಕೆಳಗೇ ಪಳಗಿದವನು.

"ಹಳೇದೆಲ್ಲಿ ಗುರುಗಳೇ?"

"ಪುಡಿಯಾಯ್ತಪ್ಪ. ಆಸ್ಪತ್ರೆಯವರು ಕಸಕ್ಕೆ ಹಾಕಿದ್ರು."

"ಪುಡೀನಾದ್ರೂ ತರಬೇಕಿತ್ತು. ಹಳೇದಿಲ್ದೆ ಹೊಸದಿಲ್ಲ. ನೀವೇ ಹೇಳ್ಕೊಟ್ಟಿದ್ದಲ್ವಾ?"

5. ನಿಜ. ಅರ್ಜಿದಾರನೇ ಹೇಳಿಕೊಟ್ಟದ್ದು. ಓದು ಮೂರನೇ ಕ್ಲಾಸಾದರೂ ಆ ಮಾತನ್ನು ಮರದ ಬೋರ್ಡಿನ ಮೇಲೆ ತನ್ನ ಸೊಟ್ಟ ಅಕ್ಷರದಲ್ಲೇ ಬರೆದು ಕಿಟಕಿಗೆ ತೂಗುಹಾಕಿದವನು. ಹರಿದ ಕೈಗವಸು ಒಂದೇ ತಂದವನಿಗೆ ಒಂದೇ ಹೊಸದು ಕೊಟ್ಟು ಕಳಿಸಿದವನು. ಆ ಮನುಷ್ಯ ಇನ್ನೊಂದು ಕೈಯನ್ನು ಜೇಬಿನಲ್ಲಿಟ್ಟುಕೊಂಡು ಹೋದದ್ದು ಇಪ್ಪತ್ತು ವರ್ಷವಾದರೂ ಮರೆತಿಲ್ಲ.

6. ಪೆಟ್ಟಿಗೆ ಬಿದ್ದ ದಿನ ಬೆಳಿಗ್ಗೆ ಅರ್ಜಿದಾರನ ಹೆಲ್ಮೆಟ್ ಕಳುವಾಗಿತ್ತು. ಬೆನ್ನ ಹಿಂದೆಯೇ ಇಪ್ಪತ್ತೆರಡು ಹೊಸ ಹೆಲ್ಮೆಟ್ಟುಗಳಿದ್ದವು. ಜಮಾ ಮಾಡಲು ಹಳೇದಿಲ್ಲದ ಕಾರಣ ಅರ್ಜಿದಾರನು ತನಗೆ ತಾನೇ ಹೊಸದು ಕೊಡಲಿಲ್ಲ. ಇಷ್ಟು ನಿಯಮಬದ್ಧವಾಗಿ ತಲೆ ಒಡೆಸಿಕೊಂಡವನು ಕಾರ್ಖಾನೆಯಲ್ಲಿ ಬೇರೊಬ್ಬನಿಲ್ಲ. ಇದನ್ನು ಹೆಂಡತಿಗೂ ಹೇಳಿಲ್ಲ.

ಆದ್ದರಿಂದ, ಕಸಕ್ಕೆ ಹೋದದ್ದು ಸಿಗದ ಕಾರಣ, ಸಿಗದ್ದನ್ನು ಜಮಾ ಮಾಡಲಾಗದ ಕಾರಣ, ಜಮಾ ಆಗದೆ ತಾವು ಅಲುಗದ ಕಾರಣ, ಇದರೊಂದಿಗೆ ಲಗತ್ತಿಸಿದ್ದನ್ನೇ ಹಳೇ ಭಾಗವೆಂದು ಪರಿಗಣಿಸಿ, ಮೂರನೇ ಹಲಗೆಯ ಮೇಲಿನ ಹಣೆಯನ್ನು ಆಸ್ಪತ್ರೆಗೆ ಕಳಿಸಬೇಕಾಗಿ ವಿನಂತಿ.

ಮೂವತ್ತೊಂದು ವರ್ಷ ತಮ್ಮ ನಿಯಮಕ್ಕೆ ವಿಶ್ವಾಸಿಯಾಗಿದ್ದ,
ಅರ್ಜಿದಾರ

ಲಗತ್ತುಗಳು:
ಡಾಕ್ಟರ ಚೀಟಿ, ಒಂದು.
"ಹಳೇದು ಇಲ್ಲದೆ ಹೊಸದಿಲ್ಲ" ಎಂಬ ಮರದ ಬೋರ್ಡು, ಮೊಳೆ ಸಮೇತ, ಒಂದು. ಕಿಟಕಿಯಿಂದ ಅರ್ಜಿದಾರನೇ ಕಿತ್ತದ್ದು.

ವಿ.ಸೂ.: ಬೋರ್ಡಿಗೆ ಬದಲಾಗಿ ಹೊಸದು ಕೊಡಬೇಕಾಗಿಲ್ಲ.